ಟಿವಿ ಪಕ್ಕದ ಬೋನ್ಸಾಯ್ ಎಲೆ ಉದುರಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎರಡು ತಿಂಗಳ ಹಿಂದೆ ನರ್ಸರಿಯಿಂದ ದಪ್ಪ ಬೇರಿನ ಫೈಕಸ್ ಬೋನ್ಸಾಯ್ ತಂದೆ. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಅರ್ಧ ಲೋಟ ನೀರು ಹಾಕುತ್ತೇನೆ. ಆದರೂ ಎಲೆ ಹಳದಿಯಾಗಿ ಉದುರುತ್ತಿವೆ. ಗೊಬ್ಬರ ಹಾಕಲೇ?
– ಓದುಗರು, ಬೆಂಗಳೂರು

ಉತ್ತರ: ಗೊಬ್ಬರ ಈಗ ಬೇಡವೇ ಬೇಡ. ಮೊದಲು ಗಿಡಕ್ಕೆ ಜೀವ ಇದೆಯಾ ನೋಡಿ. ರೆಂಬೆಯ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆಯಿರಿ. ಒಳಗೆ ಹಸಿರು ಕಂಡು ಬಿಳಿ ಹಾಲು ಒಸರಿದರೆ ಚಿಂತೆಯಿಲ್ಲ. ಕಂದಾಗಿ ಒಣಗಿದ್ದರೆ ಆ ರೆಂಬೆ ಹೋಯಿತು. ಆದರೂ ಕಾಂಡದ ಹತ್ತಿರ ಒಮ್ಮೆ ಕೆರೆದು ನೋಡದೆ ಕೈಬಿಡಬೇಡಿ.

ಜಾಗ ಬದಲಾದರೆ ಎಲೆ ಉದುರಿಸುವುದು ಫೈಕಸ್‌ನ ಹಳೇ ಚಾಳಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಎರಡು ತಿಂಗಳಾದರೂ ನಿಂತಿಲ್ಲ ಅಂದರೆ ನನ್ನ ಅನುಮಾನ ಬೆಳಕಿನ ಮೇಲೆ. ಬೆಳಕು ಸಾಲದಿದ್ದರೆ ಗಿಡ ನೀರು ಕುಡಿಯುವುದೂ ಕಡಿಮೆ. ನೀವು ಮಾತ್ರ ದಿನಾ ಹಾಕುತ್ತಲೇ ಇದ್ದೀರಿ. ಉಳಿದ ನೀರು ಮಣ್ಣಲ್ಲೇ ನಿಂತು ಬೇರು ಕೊಳೆಯುತ್ತದೆ.

ಫೈಕಸ್ ಅಂದರೆ ಆಲ, ಅತ್ತಿಯ ಕುಲ. ಕುಂಡ ಚಿಕ್ಕದಾದ ಮಾತ್ರಕ್ಕೆ ಅದು ಶೋಕೇಸ್ ಸಾಮಾನು ಆಗುವುದಿಲ್ಲ, ಅಲ್ವಾ? ಬಾಲ್ಕನಿಗೆ ಸಾಗಿಸಿ. ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು ಮೂರು–ನಾಲ್ಕು ಗಂಟೆ. ಮನೆಗೆ ನೆಂಟರು ಬಂದ ದಿನ ಒಳಗೆ ತಂದು ತೋರಿಸಿ, ಮರುದಿನ ಹೊರಗಿಡಿ.

ಅರ್ಧ ಲೋಟದ ಲೆಕ್ಕ ಬಿಟ್ಟುಬಿಡಿ. ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ಮಣ್ಣಿಗೆ ಒಂದು ಇಂಚು ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆಯಾಗಿ ಕಪ್ಪಗಿದ್ದರೆ ಅವತ್ತು ನೀರು ಬೇಡ. ತುಸು ತೇವ ಮಾತ್ರ ಉಳಿದಿದ್ದರೆ ಹಾಕಿ. ಹಾಕುವಾಗ ಮಾತ್ರ ಜಿಪುಣತನ ಬೇಡ, ತಳದ ತೂತಿನಿಂದ ಹರಿದು ಬರುವಷ್ಟು ಹಾಕಿ. ಏಪ್ರಿಲ್ ಬಿಸಿಲಿಗೆ ದಿನಾ ಬೇಕಾಗಬಹುದು, ಜುಲೈ ಮಳೆಯಲ್ಲಿ ಮೂರು ದಿನ ಬೇಡದೆಯೂ ಇರಬಹುದು.

ಇನ್ನೊಂದು ವಿಷಯ. ಮಣ್ಣಿನ ಮೇಲೆ ಬಣ್ಣದ ಕಲ್ಲುಗಳನ್ನು ಅಂಟಿಸಿದ್ದಾರಾ ನೋಡಿ. ನೋಡೋಕೆ ಚಂದ, ಗಿಡಕ್ಕೆ ಶಿಕ್ಷೆ. ನೀರು ಅಂಚಿನಲ್ಲೇ ಜಾರಿಹೋಗುತ್ತದೆ, ಒಳಗೆ ತೇವ ಎಷ್ಟಿದೆ ಅಂತ ತಿಳಿಯುವುದೂ ಇಲ್ಲ. ನೆನೆಸಿ ಕಿತ್ತುಹಾಕಿ. ತಳದಲ್ಲಿ ತೂತೇ ಇಲ್ಲದ ಪಿಂಗಾಣಿ ಕುಂಡವಾದರೆ ಇವತ್ತೇ ಬದಲಿಸಿ.

ಹೊಸ ಚಿಗುರು ಚೆನ್ನಾಗಿ ಬಂದ ಮೇಲೆ ತೆಳು ಗೊಬ್ಬರ ಕೊಡಬಹುದು. ಮಣ್ಣು ಬದಲಿಸುವ ಕೆಲಸವನ್ನು ಬೇಸಿಗೆ ಕೊನೆಗೆ, ಮುಂಗಾರು ಶುರುವಾಗುವ ಹೊತ್ತಿಗೆ ಇಟ್ಟುಕೊಳ್ಳಿ. ಬರೀ ಕೆಂಪು ಮಣ್ಣು ಗಟ್ಟಿಯಾಗಿ ಕೂರುತ್ತದೆ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಕಾಂಪೋಸ್ಟ್ ಬೆರೆಸಿ. ಇಟ್ಟಿಗೆಯ ಪುಡಿಯನ್ನು ಜರಡಿ ಹಿಡಿದು ಎಸೆಯಿರಿ, ಅಕ್ಕಿ ಕಾಳಿನಿಂದ ಹೆಸರುಕಾಳಿನಷ್ಟಿರುವ ಚೂರು ಸಾಕು. ಕೊಂಬೆ ಬಗ್ಗಿಸುವ ತಂತಿ, ಕತ್ತರಿ ಸದ್ಯಕ್ಕೆ ಡ್ರಾಯರ್‌ನಲ್ಲೇ ಇರಲಿ.

ಪ್ರಶ್ನೆ: ನಮ್ಮ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಒಂದು ಬಸರಿ ಗಿಡ ಹುಟ್ಟಿದೆ. ಅದನ್ನೇ ಬೋನ್ಸಾಯ್ ಮಾಡಬಹುದಾ?
– ಓದುಗರು, ಧಾರವಾಡ

ಉತ್ತರ: ಖಂಡಿತ. ಹೇಗೂ ಗೋಡೆ ಉಳಿಯಬೇಕಾದರೆ ಕೀಳಲೇಬೇಕು. ಒಳ್ಳೆ ಮಳೆ ಬಿದ್ದ ಮರುದಿನ, ಸಣ್ಣ ಬೇರುಗಳನ್ನು ಆದಷ್ಟು ಉಳಿಸಿಕೊಂಡು ಬಿಡಿಸಿ. ಕೂಡಲೇ ಬೋನ್ಸಾಯ್ ತಟ್ಟೆಗೆ ಹಾಕುವ ಆಸೆ ಬೇಡ. ತಟ್ಟೆಯಲ್ಲಿ ಕಾಂಡ ದಪ್ಪವಾಗುವುದು ಬಹಳ ನಿಧಾನ. ಎರಡು–ಮೂರು ವರ್ಷ ದೊಡ್ಡ ಕುಂಡದಲ್ಲಿ ಸುಮ್ನೆ ಬೆಳೆಯಲು ಬಿಡಿ. ಕಾಂಡ ಹೆಬ್ಬೆರಳು ದಪ್ಪ ಆದ ಮೇಲೆ ಕತ್ತರಿ ಹಿಡಿಯಿರಿ. ಕೊಂಬೆಯಲ್ಲಿ ಆರೆಂಟು ಎಲೆ ಬಂದಾಗ ಎರಡು–ಮೂರು ಎಲೆ ಉಳಿಸಿ ಕತ್ತರಿಸುತ್ತಾ ಹೋದರೆ ಕವಲು ಜಾಸ್ತಿಯಾಗುತ್ತದೆ, ಬರುಬರುತ್ತಾ ಎಲೆಯೂ ಸಣ್ಣದಾಗುತ್ತದೆ. ಕತ್ತರಿಸಿದಾಗ ಬರುವ ಹಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದುಕೊಳ್ಳಿ. ಕೆಲವರಿಗೆ ಅದರಿಂದ ತುರಿಕೆ ಬರುತ್ತದೆ.