ಹೊಗೆಸೊಪ್ಪು ಬಿಟ್ಟರೆ ಅಡಿಕೆ ನಿರಪರಾಧಿಯೇ?

ಪತ್ರ: ಹೋದ ಸಂಚಿಕೆಯಲ್ಲಿ ಅಡಿಕೆಗೂ ಬಾಯಿ ಕ್ಯಾನ್ಸರಿಗೂ ಗಂಟು ಹಾಕಿದ್ದೀರಿ. ತಪ್ಪು ಹೊಗೆಸೊಪ್ಪಿನದು. ನಮ್ಮ ಬೇಯಿಸಿದ ಕೆಂಪಡಿಕೆಯ ಗುಣವೇ ಬೇರೆ. ನಮ್ಮಜ್ಜ ಎಲೆಯಡಿಕೆ ಹಾಕಿಕೊಂಡೇ ತೊಂಬತ್ತು ದಾಟಿದರು. ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯುವ ಇಂಥ ಬರಹವನ್ನು ಚಿಕ್ಕಮಗಳೂರಿನ ಪತ್ರಿಕೆಯೇ ಅಚ್ಚು ಹಾಕಬೇಕಿತ್ತೇ? (ತರೀಕೆರೆ ಕಡೆಯ ಓದುಗರು)

ಸಂಪಾದಕರ ಉತ್ತರ: ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಬರೆದಿದ್ದೀರಿ, ಸಂತೋಷ. ಕೊಳೆ ರೋಗ, ಹಳದಿ ಎಲೆ, ಈಗ ಎಲೆಚುಕ್ಕಿ. ಇವುಗಳ ನಡುವೆ ತೋಟ ಉಳಿಸಿಕೊಂಡವರಿಗೆ ಇಂಥ ಬರಹ ಕಂಡರೆ ಹೊಟ್ಟೆ ಉರಿಯುವುದು ಸಹಜ. ಅಷ್ಟನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ತಪ್ಪೆಲ್ಲ ಹೊಗೆಸೊಪ್ಪಿನದು ಎಂಬ ಮಾತಿಗೆ 1985ರಲ್ಲಿ ಆಸರೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಗ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನಷ್ಟೇ ದೂರಿತ್ತು. 2004ರಲ್ಲಿ ಹೊರಬಂದ ಅದರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಬರಿಯ ಅಡಿಕೆಯೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿದವು. ತೈವಾನಿನಲ್ಲಿ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿಯೇ ಇಲ್ಲ. ಆದರೂ ಅಲ್ಲಿ ಬಾಯಿ ಕ್ಯಾನ್ಸರ್ ಹೇರಳವಾಗಿದೆ. ಪಪುವಾ ನ್ಯೂಗಿನಿಯಲ್ಲಿ ಸುಣ್ಣವನ್ನು ಎಲೆಗೆ ಸವರದೆ ನೇರವಾಗಿ ಬಾಯಿಗೇ ಇಡುತ್ತಾರೆ. ಅಲ್ಲಿ ಬಾಯಿ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಹುಣ್ಣು ಎದ್ದದ್ದು ಸುಣ್ಣ ತಾಗುವ ಕಟವಾಯಿಯಲ್ಲಿ, ಕೆನ್ನೆಯೊಳಗೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಉತ್ತೇಜಕ ರಾಸಾಯನಿಕ ಕೆನ್ನೆಯ ಒಳಪದರದ ಜೀವಕೋಶಗಳನ್ನು ಕೆರಳಿಸಿ ಅತಿಯಾಗಿ ನಾರು ಹೆಣೆಸುತ್ತದೆ. ಚೊಗರು ರುಚಿ ಕೊಡುವ ಟ್ಯಾನಿನ್ ಆ ನಾರು ಕರಗದಂತೆ, ತೊಗಲು ಹದ ಮಾಡಿದ ಹಾಗೆ, ಬಿಗಿಯುತ್ತದೆ. ಅಡಿಕೆಯಲ್ಲಿರುವ ತಾಮ್ರ ಎಳೆಗೆ ಎಳೆ ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಗಟ್ಟಿ ಹೋಳು ಕೆನ್ನೆ ಗೀರುತ್ತದೆ, ಸುಣ್ಣದ ಕ್ಷಾರದಲ್ಲಿ ಅಡಿಕೆಯ ರಸ ಜೀವಕೋಶದ ವಂಶವಾಹಿಯನ್ನೇ ಕೆಡಿಸುವ ಕಣಗಳನ್ನು ಹುಟ್ಟಿಸುತ್ತದೆ. ಇದರಲ್ಲಿ ಹೊಗೆಸೊಪ್ಪಿನ ಕೈವಾಡ ಎಲ್ಲಿ ಬಂತು?

ಬೇಯಿಸಿದಾಗ ಅರೆಕೋಲಿನ್ನಿನ ಒಂದು ಪಾಲು ನೀರಿಗಿಳಿಯುವುದು ನಿಜ. ಪೂರ್ತಿ ಇಳಿಯುವುದಿಲ್ಲ, ಇಳಿದಿದ್ದರೆ ಎಲೆಯಡಿಕೆ ಹಾಕಿದೊಡನೆ ಮೈ ಬಿಸಿಯೇರುತ್ತಿರಲಿಲ್ಲ, ಒಂದು ದಿನ ತಪ್ಪಿದರೆ ಜೀವ ಚಡಪಡಿಸುತ್ತಿರಲಿಲ್ಲ. ಬೇಯಿಸಿದ ಮೇಲೆ ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಹಚ್ಚಿದರೆ ಟ್ಯಾನಿನ್ ಮರಳಿ ಅಡಿಕೆಗೇ ಹತ್ತುತ್ತದೆ.

ನಿಮ್ಮ ಅಜ್ಜನವರ ಆಯುಸ್ಸು ದೊಡ್ಡದು. ಊಟದ ಮೇಲೆ ಹಸಿ ಎಲೆಯಲ್ಲಿ ನಾಲ್ಕು ಹೋಳು ಮಡಚಿ, ಜಗಿದು, ಉಗಿದು, ಬಾಯಿ ಮುಕ್ಕಳಿಸಿದವರ ಲೆಕ್ಕ ಬೇರೆ. ಒಣ ಪುಡಿಯನ್ನು ದಿನಕ್ಕೆ ಹತ್ತು ಸಲ ದವಡೆಯ ಸಂದಿಗೆ ತುರುಕಿ ರಸ ನುಂಗುವ ಅವರ ಮರಿಮಕ್ಕಳ ಲೆಕ್ಕ ಬೇರೆ. ಪಾನ್ ಮಸಾಲದಲ್ಲಿ ಎಲೆಯಿಲ್ಲ, ನೀರಿಲ್ಲ, ಬಹುಪಾಲು ಅಡಿಕೆಯೇ. ಆದ್ದರಿಂದಲೇ ಎಲೆಯಡಿಕೆಯವರಿಗೆ ಹಲವು ವರ್ಷಗಳ ಮೇಲೆ ಬರುವ ಕೆನ್ನೆಬಿಗಿತ (ಒಳಪದರ ನಾರುಗಟ್ಟಿ ಬಾಯಿ ಪೂರ್ತಿ ತೆರೆಯಲಾಗದ ರೋಗ) ಇವರಿಗೆ ಎರಡು ಮೂರು ವರ್ಷದಲ್ಲೇ ಬರುತ್ತದೆ. ಹಾಗೆಂದು ಅಜ್ಜನವರ ರೀತಿಗೆ ಅಪಾಯವಿಲ್ಲವೆಂದಲ್ಲ. ತೊಂಬತ್ತು ದಾಟಿದವರು ನಮ್ಮ ಕಣ್ಣೆದುರಿಗಿರುತ್ತಾರೆ, ಐವತ್ತಕ್ಕೇ ಹೋದವರು ಪತ್ರ ಬರೆಯುವುದಿಲ್ಲ.

ಈ ಬಿಗಿತದ ಗುರುತು ಮನೆಮನೆಗೂ ತಿಳಿದಿರಬೇಕು. ಮೊದಲು ಖಾರ ತಾಗಿದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಾಡಿಸಿದರೆ ಹಗ್ಗದಂತೆ ಪಟ್ಟಿ ಸಿಗುತ್ತದೆ. ನಾಲಗೆ ಪೂರ್ತಿ ಚಾಚದು. ತಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ನೆಟ್ಟಗೆ ಇಟ್ಟು ನೋಡಲಿ. ಎರಡೇ ಹಿಡಿದರೆ ಅಂದೇ ಅಡಿಕೆ ಬಿಟ್ಟು ದಂತವೈದ್ಯರ ಹತ್ತಿರ ಹೋಗಲಿ. ಬಿಟ್ಟರೂ ಕಟ್ಟಿದ ನಾರು ಕರಗುವುದಿಲ್ಲ, ಮುಂದೆ ಬಿಗಿಯುವುದು ತಗ್ಗುತ್ತದೆ, ಅಷ್ಟೆ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥವರನ್ನು 17 ವರ್ಷ ಗಮನಿಸಿದಾಗ ನೂರಕ್ಕೆ ಏಳಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಬಂತು. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ನಾಟಿ ಔಷಧಿ ಹಚ್ಚುತ್ತ ಕೂರಬಾರದು. ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಬೇಕು.

2022ರಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳು ನಮ್ಮ ದೇಶದಲ್ಲೇ ಸುಮಾರು 83,400. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಅದೇ ಗುಟ್ಕಾ ಎರಡು ಚೀಟಿಯಾಗಿ, ಮಸಾಲ ಒಂದರಲ್ಲಿ ತಂಬಾಕು ಇನ್ನೊಂದರಲ್ಲಿ, ತೂಗಿತು. ಮದುವೆಮನೆಯಲ್ಲಿ ಏಳು ವರ್ಷದ ಮಗುವಿನ ಕೈಗೆ ಸಿಹಿ ಅಡಿಕೆಪುಡಿಯ ಪೊಟ್ಟಣ ಕೊಡುತ್ತಾರೆ, ಯಾರೂ ತಡೆಯುವುದಿಲ್ಲ. ಊರೂರಲ್ಲಿ ಕಣ್ಣಿನ ಶಿಬಿರ, ಸಕ್ಕರೆ ಕಾಯಿಲೆ ಶಿಬಿರ ನಡೆಯುತ್ತವೆ. ಟಾರ್ಚು ಹಿಡಿದು ಬಾಯಿ ನೋಡುವವರು ಕಡಿಮೆ. ಬೆಳೆಗಾರರ ಸಭೆಗಳಲ್ಲಿ ಧಾರಣೆಯ ಮಾತಿಗೆ ಮೂರು ಗಂಟೆ ಹೋಗುತ್ತದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಸುಲಿಯುವ ಹೆಂಗಸರ ಬಾಯಿಯ ಮಾತು ಬರುವುದೇ ಇಲ್ಲ. ನಿದ್ದೆ ತಡೆಯಲೆಂದು ಹೆಚ್ಚು ಜಗಿಯುವವರು ಅವರೇ.

ಬಿಡಲಾಗದವರು ಅಡಿಕೆಯನ್ನೂ ಸುಣ್ಣವನ್ನೂ ಪಕ್ಕಕ್ಕಿಟ್ಟು ಎಲೆಯಲ್ಲಿ ಸೋಂಪು, ಏಲಕ್ಕಿ ಮಡಚಿಕೊಳ್ಳಲಿ. ಹೊಗೆಸೊಪ್ಪಿನ ಚಟವೂ ಇದ್ದರೆ 1800112356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಈ ಸುಗ್ಗಿಯಲ್ಲಿ ನಿಮ್ಮ ಮನೆಗೆ ಸುಲಿಯಲು ಬರುವವರಲ್ಲಿ ಎಷ್ಟು ಜನರ ಬಾಯಿಗೆ ಮೂರು ಬೆರಳು ಹಿಡಿಯುತ್ತದೆ, ನೋಡಿ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.