ಅವಳ ಕೈ ಏನು ಮಾಡುತ್ತಿದೆ?

ಪತ್ರ: ಕಳೆದ ಸಂಚಿಕೆಯ ಕಥೆಯಲ್ಲಿ ಹಲಸಿನ ಹಪ್ಪಳ ಮಾಡುವುದಕ್ಕೇ ಒಂದು ಪುಟ ಹೋಗಿದೆ. ಹೆಂಗಸರು ಅಡುಗೆಮನೆಯಿಂದ ಹೊರಬರಲು ನೂರು ವರ್ಷ ಹೆಣಗಿದ್ದಾರೆ, ನೀವು ಮತ್ತೆ ಒಲೆಯ ಮುಂದೆ ಕೂರಿಸುತ್ತಿದ್ದೀರಿ. ನಮ್ಮ ಓದುಗರ ಬಳಗದಲ್ಲಿ ‘ಕನ್ನಡ ಸಾಹಿತ್ಯದಲ್ಲಿ ಸ್ತ್ರೀ’ ಎಂಬ ವಿಷಯದ ಮೇಲೆ ಮಾತಾಡಬೇಕಿದೆ. ಹಳಗನ್ನಡದಲ್ಲಿ ಹೆಣ್ಣು ಅಲಂಕಾರ, ನವೋದಯ ಸಾಹಿತ್ಯದಲ್ಲಿ ತ್ಯಾಗಮಯಿ, ಬಂಡಾಯ ಸಾಹಿತ್ಯದಿಂದ ಈಚೆಗೆ ವ್ಯಕ್ತಿ. ಈ ಮೂರು ಮೆಟ್ಟಿಲು ಸರಿಯಷ್ಟೆ?
– ಕಾಲೇಜು ಅಧ್ಯಾಪಕಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಸಿಟ್ಟಿಗೆ ಕಾರಣವಿದೆ. ಒಲೆಯ ಮುಂದಿನ ಹೆಂಗಸನ್ನು ಹೊಗಳಿ ಹೊಗಳಿಯೇ ಅಲ್ಲಿ ಕೂರಿಸಿದ ಪದ್ಯಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಮೂರು ಮೆಟ್ಟಿಲಿನ ಲೆಕ್ಕವೂ ಪೂರ್ತಿ ಸುಳ್ಳಲ್ಲ, ಪರೀಕ್ಷೆಯ ಉತ್ತರಪತ್ರಿಕೆಗೆ ಸಾಕು. ಆದರೆ ಬಳಗದ ಮುಂದೆ ನಿಂತು ಹಾಗೆ ಹೇಳಬೇಡಿ. ಯಾರಾದರೂ ಎದ್ದು ಕದಿರ ರೆಮ್ಮವ್ವೆಯ ಹೆಸರು ಹೇಳಿದರೆ ಮೆಟ್ಟಿಲು ಅಲ್ಲೇ ಕುಸಿಯುತ್ತದೆ.

12ನೇ ಶತಮಾನದ ಆ ನೂಲುವ ಶರಣೆಯ ವಚನ ಹೀಗಿದೆ: ‘ನಾ ತಿರುಹುವ ರಾಟೆಯ ಕುಲಜಾತಿಯ ಕೇಳಿರಣ್ಣಾ: ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂದ ಬೊಂಬೆ ಮಹಾರುದ್ರ, ರುದ್ರನ ಬೆಂಬಳಿಯವೆರಡು ಸೂತ್ರಕರ್ಣ. ಅರಿವೆಂಬ ಕದಿರು, ಭಕ್ತಿಯೆಂಬ ಕೈಯಲ್ಲಿ ತಿರುಹಲಾಗಿ, ಸುತ್ತಿತ್ತು ನೂಲು, ಕದಿರು ತುಂಬಿತ್ತು. ರಾಟೆಯ ತಿರುಹಲಾರೆ, ಎನ್ನ ಗಂಡ ಕುಟ್ಟಿಹ. ಇನ್ನೇವೆ, ಕದಿರ ರೆಮ್ಮಿಯೊಡೆಯ ಗುಮ್ಮೇಶ್ವರಾ.’

ತರಗತಿಗಳಲ್ಲಿ ಇದನ್ನು ಓದಿಸುವವರು ಬ್ರಹ್ಮ, ವಿಷ್ಣು, ರುದ್ರರನ್ನು ಹಿಡಿದು ಮೇಲೇರಿಬಿಡುತ್ತಾರೆ. ರಾಟೆ ಕೆಳಗೇ ಉಳಿಯುತ್ತದೆ. ಅದನ್ನೊಮ್ಮೆ ಕೈಯಲ್ಲಿ ಮುಟ್ಟಿ ನೋಡಬೇಕು. ಎಲ್ಲದಕ್ಕೂ ಆಧಾರ ಅಡಿಯ ಹಲಗೆ. ಅದರ ಮೇಲೆ ನಿಂತ ಬೊಂಬೆ, ನೂಲು ಸುತ್ತಿಕೊಳ್ಳುವ ಕಡ್ಡಿಯಾದ ಕದಿರನ್ನು ಹಿಡಿದುಕೊಳ್ಳುವ ಎರಡು ಕಿವಿ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹತ್ತಿಯ ಹಂಜಿಯನ್ನು ಹಿಂದಕ್ಕೆ ಎಳೆಯುತ್ತದೆ. ಚಕ್ರಕ್ಕಿಂತ ಕೈ ಮುಂದಾದರೆ ಎಳೆ ಹರಿಯುತ್ತದೆ, ಹಿಂದಾದರೆ ನೂಲು ಹುರಿಗಟ್ಟಿ ಗಂಟಾಗುತ್ತದೆ. ಕದಿರು ತುಂಬಿದ ಮೇಲೆ ನೂಲನ್ನು ಬಿಚ್ಚಿ ಸುತ್ತಿಡದೆ ಮುಂದೆ ನೂಲಲು ಬರುವುದಿಲ್ಲ. ‘ಕದಿರು ತುಂಬಿತ್ತು’ ಎಂಬ ಎರಡೇ ಪದದಲ್ಲಿ ಆಕೆಯ ದಿನದ ಕೆಲಸ ಮುಗಿದಿದೆ, ಸಾಧನೆಯೂ ಮುಗಿದಿದೆ. ಆಮೇಲೆ ಬರುವುದು ‘ಎನ್ನ ಗಂಡ ಕುಟ್ಟಿಹ’. ಅದಕ್ಕೆ ಅನುಭಾವದ ಅರ್ಥ ಹೇಳುವವರಿದ್ದಾರೆ, ಹೇಳಲಿ. ಕೈ ನಿಂತರೆ ಏಟು ಬೀಳುತ್ತದೆಂಬ ನೇರವಾದ ಅರ್ಥವನ್ನು ಮಾತ್ರ ದಾಟಿಸಿಬಿಡುವುದು ಬೇಡ. ನೀವು ಮೂರನೆಯ ಮೆಟ್ಟಿಲಲ್ಲಿ ಕೂರಿಸಿದ ‘ವ್ಯಕ್ತಿ’ ಇಲ್ಲಿ ಎಂಟುನೂರು ವರ್ಷ ಮುಂಚೆಯೇ ಕೂತು ನೂಲುತ್ತಿದ್ದಾಳೆ.

ಹಾಗಾಗಿ ಕಾಲದ ಮೆಟ್ಟಿಲು ಬಿಟ್ಟು ಬೇರೊಂದು ಅಳತೆ ಹಿಡಿಯಿರಿ. ಯಾವ ಕೃತಿಯಾದರೂ ಸರಿ, ಅದರಲ್ಲಿ ಹೆಣ್ಣು ಬರುವ ಹತ್ತು ಪುಟ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ಅವಳಿಗೆ ಸೇರಿದ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಅವಳು ಮಾಡಿದ್ದು ಒಂದು ಕಡೆ, ಅವಳಿಗೆ ಆದದ್ದು ಇನ್ನೊಂದು ಕಡೆ, ಅವಳು ಕಂಡ ಬಗೆ ಮತ್ತೊಂದು ಕಡೆ. ನಡೆದಳು, ತಂದಳು, ಕೇಳಿದಳು, ಅಳೆದಳು ಎಂಬಂಥವು ಮೊದಲನೆಯದಕ್ಕೆ. ಸೊರಗಿದಳು, ಬೆಚ್ಚಿದಳು ಎಂಬಂಥವು ಎರಡನೆಯದಕ್ಕೆ. ಮುಂಗುರುಳು, ನಡು, ನಗೆಯೆಲ್ಲ ಮೂರನೆಯದಕ್ಕೆ. ಜೊತೆಗೆ ನಿರೂಪಕ ಯಾರನ್ನು ‘ಅವಳು’ ಎನ್ನುತ್ತಾನೆ, ಯಾರನ್ನು ‘ಆಕೆ’, ಯಾರನ್ನು ‘ಅವರು’ ಎನ್ನುತ್ತಾನೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಂದೇ ಮನೆಯ ಅತ್ತೆ, ಸೊಸೆ, ಕೆಲಸದವಳು ಮೂರು ಸರ್ವನಾಮಗಳಲ್ಲಿ ಹಂಚಿಹೋಗುವುದನ್ನು ನಮ್ಮ ಕಾದಂಬರಿಗಳಲ್ಲಿ ಧಾರಾಳವಾಗಿ ಕಾಣಬಹುದು. ಗಂಡಸರ ವಿಷಯದಲ್ಲಿ ಹೀಗೆ ಹಂಚುವುದು ಕಡಿಮೆ.

ಈ ಅಳತೆಯಲ್ಲಿ ಎರಡು ಕಡೆ ಎಡವುತ್ತೇವೆ. ಗದ್ಯ ಪದ್ಯ ಬೆರೆತ ಚಂಪೂಕಾವ್ಯಕ್ಕೆ ಹದಿನೆಂಟು ವರ್ಣನೆಗಳ ಕಟ್ಟಳೆಯಿತ್ತು. ಜಲಕ್ರೀಡೆ, ವನವಿಹಾರ, ಚಂದ್ರೋದಯ ಬರಲೇಬೇಕು. ಅಲ್ಲಿಯ ಅಂಗಾಂಗ ವರ್ಣನೆಯನ್ನು ಎಣಿಸಿ ಕವಿಯ ಮನಸ್ಸು ಇಷ್ಟೇ ಎಂದರೆ ತಪ್ಪಾಗುತ್ತದೆ, ಅದು ಪ್ರಕಾರದ ಸುಂಕ. ಎರಡನೆಯದು ಜನ್ನನ ಅಮೃತಮತಿಯಂಥವರ ವಿಷಯ. ‘ಯಶೋಧರ ಚರಿತೆ’ಯಲ್ಲಿ ಅವಳು ರಾಜ ಯಶೋಧರನ ರಾಣಿ. ರಾತ್ರಿ ಏಳುವವಳು, ಹಾಡಿಗೆ ಕಿವಿಗೊಡುವವಳು, ಹಾಡಿದ ಮಾವುತನನ್ನು ಹುಡುಕಿಸುವವಳು, ಕೊನೆಗೆ ಗಂಡನಿಗೆ ವಿಷ ಉಣಿಸುವವಳು ಅವಳೇ. ಕ್ರಿಯಾಪದ ಬೇಕಾದಷ್ಟಿವೆ. ಕಾವ್ಯದ ಧರ್ಮ ಮಾತ್ರ ಅವಳನ್ನು ಎಚ್ಚರಿಕೆಯ ಗೊಂಬೆಯಾಗಿ ನಿಲ್ಲಿಸುತ್ತದೆ. ಎಣಿಕೆ ಬಾಗಿಲು ತೆರೆಯುತ್ತದೆ, ಒಳಗೆ ಹೋಗಿ ನೋಡುವುದು ನಿಮ್ಮ ಕೆಲಸ.

ಪೋಷಕ ಯಾರೆಂದೂ ಕೇಳಬೇಕು. ಪಂಪನ ಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಅರ್ಜುನನಲ್ಲಿ ತನ್ನನ್ನು ಪೋಷಿಸಿದ ರಾಜ ಅರಿಕೇಸರಿಯನ್ನು ಕಾಣಿಸಬೇಕಿತ್ತು, ಅದಕ್ಕೆ. ಯುದ್ಧ ಗೆದ್ದ ಮೇಲೆ ಅರ್ಜುನನ ಪಕ್ಕದಲ್ಲಿ ಪಟ್ಟಕ್ಕೆ ಕೂರುವವಳು ಸುಭದ್ರೆ. ರನ್ನನಿಗಾದರೋ ಪೋಷಿಸಿದವಳೇ ಹೆಣ್ಣು. 993ರ ‘ಅಜಿತಪುರಾಣ’ದಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆ ಅಕ್ಕತಂಗಿಯರು, ಇಬ್ಬರೂ ನಾಗದೇವನ ಹೆಂಡಿರು. ಗಂಡ ಸತ್ತಾಗ ಗುಂಡಮಬ್ಬೆ ಚಿತೆಯೇರುತ್ತಾಳೆ, ಅತ್ತಿಮಬ್ಬೆ ಮಗನಿಗಾಗಿ ಉಳಿಯುತ್ತಾಳೆ. ಉಳಿದವಳು ಪೊನ್ನನ ‘ಶಾಂತಿಪುರಾಣ’ಕ್ಕೆ 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ 1000 ಪ್ರತಿ ಎಂದರೇನು? ತಾಳೆಗರಿಗಳನ್ನು ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆದು, ಕಂಟವೆಂಬ ಚೂಪು ಲೇಖನಿಯಿಂದ ಅಕ್ಷರ ಕೊರೆದು, ಕಪ್ಪು ಸವರಿ ಒರೆಸಬೇಕು. ಕಂಟ ಜೋರಾಗಿ ಒತ್ತಿದರೆ ಗರಿ ನಾರಿನ ಗುಂಟ ಸೀಳುತ್ತದೆ, ಹಗುರಾದರೆ ಕಪ್ಪು ನಿಲ್ಲುವುದಿಲ್ಲ. ಇದನ್ನು ಸಾವಿರ ಸಲ ಮಾಡಿಸಿದವಳನ್ನು ನಾವು ‘ದಾನಚಿಂತಾಮಣಿ’ ಎಂಬ ಬಿರುದಿನಲ್ಲಿ ಸುತ್ತಿಟ್ಟು ಕೈಮುಗಿಯುತ್ತೇವೆ. ಆಕೆಯನ್ನು ಕನ್ನಡದ ಮೊದಲ ಪ್ರಕಾಶಕಿ ಎಂದು ಕರೆಯಲು ನನಗೆ ಹಿಂಜರಿಕೆಯಿಲ್ಲ.

ಇನ್ನು ಕುಮಾರವ್ಯಾಸನ ವಿರಾಟಪರ್ವಕ್ಕೆ ಬನ್ನಿ. ಸಭೆಯಲ್ಲಿ ಕೀಚಕನಿಂದ ಒದೆಸಿಕೊಂಡ ದ್ರೌಪದಿಯನ್ನು ‘ಅಬಲೆಯ ಗೋಳು’ ಎಂಬ ಶೀರ್ಷಿಕೆಯಡಿ ಪಾಠ ಮಾಡುವವರಿದ್ದಾರೆ. ಪೆನ್ಸಿಲ್ ಹಿಡಿದು ನೋಡಿ. ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ತೂಗಿ, ಯಾರಿಂದ ಕೆಲಸವಾದೀತೆಂದು ಲೆಕ್ಕ ಹಾಕಿ, ನಡುರಾತ್ರಿ ಬಾಣಸಿನ ಮನೆಗೆ, ಎಂದರೆ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವವಳು ಅವಳು. ‘ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ’ ಎಂದು ಮುಖದ ಮೇಲೆ ಹೇಳುತ್ತಾಳೆ. ವ್ಯಾಸರ ಸಂಸ್ಕೃತ ಭಾರತದಲ್ಲಿ ಇನ್ನೂ ಒಂದು ಚಿತ್ರವಿದೆ. ರಾಣಿಗೆ ಗಂಧ ತೇಯ್ದು ತೇಯ್ದು ಒರಟಾದ ಅಂಗೈಗಳನ್ನು ಭೀಮನ ಮುಂದೆ ಚಾಚುತ್ತಾಳೆ. ಭೀಮ ಆ ಕೈಗಳನ್ನು ಹಿಡಿದು ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ. ಸೀರೆ ಸೆಳೆದ ದೃಶ್ಯಕ್ಕೆ ನಮ್ಮಲ್ಲಿ ಎಷ್ಟೊಂದು ಚಿತ್ರಪಟಗಳಿವೆ! ಈ ಅಂಗೈಗೆ?

ಹೊಸಗನ್ನಡದಲ್ಲೂ ಇದೇ ಕಣ್ತಪ್ಪು ಆಗಿದೆ. ಅನಂತಮೂರ್ತಿಯವರ 1965ರ ‘ಸಂಸ್ಕಾರ’ದ ಚಂದ್ರಿ ಎಂದೊಡನೆ ಓದುಗರಿಗೆ ನೆನಪಾಗುವುದು ಪ್ರಾಣೇಶಾಚಾರ್ಯರ ಜೊತೆಗಿನ ಕಾಡಿನ ರಾತ್ರಿ. ಕಾದಂಬರಿಯಲ್ಲಿ ನಿಜವಾಗಿ ನಡೆಯುವುದನ್ನು ನೋಡಿ. ಅವಳ ಜೊತೆಗಾರ ನಾರಣಪ್ಪನ ಹೆಣ ಕೊಳೆಯುತ್ತಿದೆ, ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರದ ಗಂಡಸರು ವಾದ ಮಾಡುತ್ತಿದ್ದಾರೆ, ಆಚಾರ್ಯರು ಓಲೆಗರಿ ತಿರುವುತ್ತಿದ್ದಾರೆ. ಚಂದ್ರಿ ಮೊದಲು ಮೈಮೇಲಿನ ಬಂಗಾರ ಬಿಚ್ಚಿ ಕೊಡುತ್ತಾಳೆ. ಅದರಿಂದಾಗದಾಗ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಲ್ಲಿ ರಾತ್ರೋರಾತ್ರಿ ಹೆಣ ಸುಡಿಸಿ ಊರು ಬಿಡುತ್ತಾಳೆ. ಇಡೀ ಕಾದಂಬರಿಯ ಪ್ರಶ್ನೆಯನ್ನು ಕೆಲಸದ ಮಟ್ಟದಲ್ಲಿ ಬಗೆಹರಿಸಿದವಳು ಒಬ್ಬಳೇ. ವಿಮರ್ಶೆ ಅವಳನ್ನು ಶರೀರದ ಸಂಕೇತ ಮಾಡಿತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ಬಾಲವಿಧವೆಯಾದ ಮಡಿ ಹೆಂಗಸು ರಾತ್ರಿ ಕೇರಿಗೆ ಹೋಗಿ ತನ್ನ ಸಣ್ಣ ಕೈಯಿಂದ ಹೆರಿಗೆ ಮಾಡಿಸುತ್ತಾಳೆ. ದೇವನೂರರ ‘ಒಡಲಾಳ’ದ ಸಾಕವ್ವ ಕಳೆದುಹೋದ ಕೋಳಿಯನ್ನು ಹುಡುಕಿಕೊಂಡು ಕೇರಿ ಸುತ್ತುತ್ತಾಳೆ. ಕೋಳಿ ಆಕೆಯ ಆಸ್ತಿ. ಅದರ ಲೆಕ್ಕ ಗೊತ್ತಿಲ್ಲದವನಿಗೆ ಆ ಕಥೆ ಬರೆಯಲಾಗುತ್ತಿರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಗರತಿಯ ಹಾಡು, ಹಳ್ಳಿಯ ಹೆಂಗಸರು ಕಟ್ಟಿ ಹಾಡಿದ ಜನಪದ ಪದಗಳು, ಎಲ್ಲೂ ಇಲ್ಲವೆಂಬುದು ನನಗೆ ನೋವಾದ ಸಂಗತಿ. ಹಾವೇರಿಯ ಕಡೆಯವರೇ ಅದನ್ನು ಬಿಟ್ಟರೆ ಹೇಗೆ? ಹಲಸಂಗಿ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ಪುಸ್ತಕದಲ್ಲಿ ತ್ರಿಪದಿಗಳೇ ತುಂಬಿವೆ. ತ್ರಿಪದಿಗೆ ಮೂರು ಸಾಲು, ಹನ್ನೊಂದು ಗಣ, ಎಂದರೆ ಲಯದ ತುಂಡು: ನಾಲ್ಕು, ನಾಲ್ಕು, ಮೂರು. ಆರನೆಯದೂ ಹತ್ತನೆಯದೂ ಮೋಟು ಬ್ರಹ್ಮಗಣ, ಉಳಿದವು ಅದಕ್ಕಿಂತ ಉದ್ದದ ವಿಷ್ಣುಗಣ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿಯುತ್ತಾರೆ. ಇದನ್ನು ಬೀಸುಕಲ್ಲಿನ ಪಕ್ಕದಲ್ಲಿಟ್ಟು ಕೇಳಿ. ಎದುರುಬದುರು ಕೂತ ಇಬ್ಬರು ಒಂದೇ ಗೂಟ ಹಿಡಿದಿರುತ್ತಾರೆ, ಒಬ್ಬಳ ಬಿಡುವಿನ ಕೈ ಕಲ್ಲಿನ ಬಾಯಿಗೆ ಹಿಡಿ ಹಿಡಿ ಕಾಳು ಬಿಡುತ್ತದೆ. ಕಾಳು ಹೆಚ್ಚಾದರೆ ನುಚ್ಚು ಬೀಳುತ್ತದೆ, ಕಡಿಮೆಯಾದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟಿಗೆ ಮರಳು ಸೇರುತ್ತದೆ. ಇಬ್ಬರ ತೋಳೂ ಒಂದೇ ವೇಗದಲ್ಲಿ ಹೋಗಲೇಬೇಕು, ಆ ವೇಗ ಕಾಯುವುದು ಹಾಡು. ಮೋಟು ಗಣದ ಬಳಿ ಧಾಟಿ ಮಾಡುವ ಚಿಕ್ಕ ತಿರುವು ಉಸಿರಿಗೆ ಸಿಕ್ಕ ಜಾಗ ಎಂದೇ ನನ್ನ ಕಿವಿಗೆ ಕೇಳುತ್ತದೆ.

‘ಅಡಗೀಯ ಮನೆಯಾಗ ಮಡದಿಯ ಸುಳಿವಿಲ್ಲ, ಅಡಗಿ ಬಾಯೀಗಿ ರುಚಿಯಿಲ್ಲ, ಹಡೆದವ್ವ, ಮಡದಿ ತವರಿಗೆ ಹೋಗ್ಯಾಳ.’ ಮಾತು ಗಂಡನದು, ಕೇಳುವವಳು ಅವನ ತಾಯಿ. ಆದರೆ ಹಾಡುತ್ತಿರುವವಳು ಬೀಸುತ್ತ ಕೂತ ಸೊಸೆ. ತನ್ನ ಕೆಲಸದ ಬೆಲೆಯನ್ನು ಗಂಡನ ಬಾಯಲ್ಲಿ ಹೇಳಿಸಿ ಅತ್ತೆಯ ಕಿವಿಗೆ ಹಾಕುತ್ತಿದ್ದಾಳೆ. ಇದಕ್ಕಿಂತ ಜಾಣ ನಿರೂಪಣೆಯನ್ನು ಯಾವ ನವ್ಯ ಕಥೆ ಮಾಡಿದೆ, ಹೇಳಿ?

ಈಗ ಹಪ್ಪಳದ ಪುಟಕ್ಕೆ ಬರೋಣ. ಹಲಸಿನಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಎಳೆಯದಾದರೆ ಹಿಟ್ಟು ಅಂಟು ಹಿಡಿಯದೆ ಹಪ್ಪಳದ ಅಂಚು ಬಿರಿಯುತ್ತದೆ. ಹಣ್ಣಿಗೆ ತಿರುಗಿದ್ದರೆ ಸಿಹಿಗೆ ಎಣ್ಣೆಯಲ್ಲಿ ಕೆಂಪಾಗಿ ಸೀಯುತ್ತದೆ, ಗರಿಗರಿ ಬರುವುದಿಲ್ಲ. ತೊಳೆಗಳಿಗೆ ನೀರು ತಾಗದಂತೆ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಒರಳಲ್ಲಿ ಕುಟ್ಟಬೇಕು. ಆರಿದರೆ ಗಂಟು ಉಳಿಯುತ್ತದೆ. ಕುಟ್ಟುವವರು, ಉಂಡೆ ಕಟ್ಟುವವರು, ಒತ್ತುವವರು, ಚಾಪೆಯ ಮೇಲೆ ಹರಡುವವರು ಎಂದು ನಾಲ್ಕು ಜನ ಬೇಕು, ಮೋಡ ಕಟ್ಟುವುದರೊಳಗೆ ಮುಗಿಯಬೇಕು. ಮನೆಯ ನಾಲ್ಕು ಹೆಂಗಸರು ಮಾತು ಬಿಟ್ಟಿದ್ದರೂ ಅವತ್ತು ಒಂದೇ ಕಡೆ ಕೂರಲೇಬೇಕಾದ ದಿನವದು. ಕಥೆಗಾರ್ತಿ ಆ ದಿನವನ್ನು ಆರಿಸಿದ್ದು ಅದಕ್ಕೇ. ಉಂಡೆಯ ಗಾತ್ರ ಸಣ್ಣದಾಗುತ್ತ ಹೋಗುವುದರಲ್ಲೇ ಪಾಲಿನ ಜಗಳವಿದೆ. ನೀವು ಪುಟ ಹಾರಿಸಿದ್ದೀರಿ, ಜಗಳವೂ ಹಾರಿಹೋಗಿದೆ.

ಹಾರಿಸಿದ್ದಕ್ಕೆ ನಿಮ್ಮೊಬ್ಬರನ್ನೇ ದೂರಲಾರೆ. ‘ಅಡುಗೆಮನೆ ಸಾಹಿತ್ಯ’ ಎಂಬ ಬೈಗುಳವನ್ನು ನಮ್ಮ ವಿಮರ್ಶೆ ದಶಕಗಟ್ಟಲೆ ಚಲಾಯಿಸಿದೆ. ಯುದ್ಧವರ್ಣನೆಯಲ್ಲಿ ಬರುವ ಹತ್ತು ಬಗೆಯ ಬಾಣಗಳಿಗೆ ಟಿಪ್ಪಣಿ ಬರೆಯುವವರು ಬೀಸುಕಲ್ಲಿನ ಬಾಯಿ ಯಾವುದು, ಗೂಟ ಯಾವುದು ಎಂದು ಬರೆಯುವುದಿಲ್ಲ. ಜನಪದ ಗೀತೆಗಳ ಎಷ್ಟೋ ಸಂಕಲನಗಳ ಮುಖಪುಟದಲ್ಲಿ ಸಂಗ್ರಹಿಸಿದವರ ಹೆಸರಿದೆ, ಹಾಡಿದವಳ ಹೆಸರು ಒಳಪುಟದಲ್ಲೂ ಇಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಿತು, ನಾಡೆಲ್ಲ ಹಿಗ್ಗಿತು, ಹಿಗ್ಗಬೇಕಾದ್ದೇ. ಆ ಕಥೆಗಳು ನಡೆಯುವುದು ಬಹುಪಾಲು ಮನೆಯೊಳಗೆ, ಹೆಂಗಸರ ನಡುವೆ. ಅಂಥ ಕಥೆಗಳ ಬೆಲೆ ತಿಳಿಯಲು ನಮಗೆ ಲಂಡನ್ನಿನ ತೀರ್ಪು ಬೇಕಾಯಿತೇ?

ಅಡುಗೆಮನೆಯಿಂದ ಹೊರಬರುವುದು ಬೇರೆ, ಅಲ್ಲಿ ನಡೆದ ಕೆಲಸವನ್ನು ಚರಿತ್ರೆಯಿಂದ ಹೊರಗಿಡುವುದು ಬೇರೆ. ಮೊದಲನೆಯದಕ್ಕೆ ನಾನು ನಿಮ್ಮ ಜೊತೆಗಿದ್ದೇನೆ.

ಬಳಗದ ಭಾಷಣಕ್ಕೆ ನಲವತ್ತು ನಿಮಿಷವಿದ್ದರೆ ಎಲ್ಲ ಯುಗಗಳನ್ನೂ ಮುಟ್ಟಲು ಹೋಗಬೇಡಿ. ರೆಮ್ಮವ್ವೆ, ವಿರಾಟಪರ್ವದ ಆ ರಾತ್ರಿ, ಎರಡು ತ್ರಿಪದಿ, ಸಾಕವ್ವ, ಇಷ್ಟು ಸಾಕು. ತ್ರಿಪದಿಯನ್ನು ಓದಬೇಡಿ, ಬಳಗದ ಹಿರಿಯ ಹೆಂಗಸರಲ್ಲಿ ಯಾರಿಗಾದರೂ ಧಾಟಿ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ ಅವರಿಂದಲೇ ಹಾಡಿಸಿ. ಹಾಡಿದವರ ಹೆಸರನ್ನು ವರದಿಯಲ್ಲಿ ಬರೆದು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.