ಬಿಬಿ84 ಸಿಮ್ಯುಲೇಷನ್‌ನಲ್ಲಿ 25% ದೋಷ ಬಂತು, ಪ್ರಾಜೆಕ್ಟ್‌ಗೆ ಇಷ್ಟು ಸಾಕೇ?

ಕ್ವಾಂಟಮ್ ಕಂಪ್ಯೂಟಿಂಗ್ ಲೈಬ್ರರಿಯೊಂದರಲ್ಲಿ ಬಿಬಿ84 ಬರೆದಿದ್ದೀರಿ: ಆಲಿಸ್ ಫೋಟಾನ್‌ಗಳನ್ನು (ಬೆಳಕಿನ ಕಣಗಳನ್ನು) ಬಾಬ್‌ಗೆ ಕಳಿಸಿ, ಇಬ್ಬರೂ ಒಂದು ಗುಪ್ತ ಕೀಲಿ ಹಂಚಿಕೊಳ್ಳುವ ವಿಧಾನ. ಕದ್ದಾಲಿಸುವ ಈವ್ ಇಲ್ಲದಾಗ ದೋಷ, ಅಂದರೆ ಬಾಬ್‌ಗೆ ತಪ್ಪಾಗಿ ಸಿಗುವ ಬಿಟ್‌ಗಳ ಪಾಲು, ಸೊನ್ನೆ. ಆಕೆ ಪ್ರತಿ ಫೋಟಾನನ್ನೂ ಹಿಡಿದು, ಅಳೆದು, ಮರಳಿ ಕಳಿಸಿದಾಗ 25%. ಸುರಕ್ಷತೆಯನ್ನು ತೋರಿಸಲು ಇಷ್ಟು ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಫೋಟಾನನ್ನು ಅಳೆಯಲು ಎರಡು ಬಗೆಗಳಿವೆ, ಅವನ್ನು ಆಧಾರಗಳೆನ್ನುತ್ತಾರೆ. ಆಕೆ ಅರ್ಧದಷ್ಟು ಸಲ ತಪ್ಪು ಆಧಾರದಲ್ಲಿ ಅಳೆಯುತ್ತಾಳೆ, ಹಾಗೆ ಅಳೆದವುಗಳಲ್ಲಿ ಅರ್ಧ ಬಾಬ್‌ಗೆ ತಪ್ಪಾಗಿ ಸಿಗುತ್ತವೆ. ಅರ್ಧದ ಅರ್ಧ ಎಷ್ಟೆಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಬೆನೆಟ್ ಮತ್ತು ಬ್ರಸಾರ್ 1984ರಲ್ಲಿ ಮಂಡಿಸಿದ ವಿಧಾನ ಆದರ್ಶ ಫೋಟಾನ್‌ಗಳದ್ದು. ನಿಮ್ಮ ಪ್ರೋಗ್ರಾಂ ಅದನ್ನೇ ಪುನರುಚ್ಚರಿಸಿದೆ, ಅಷ್ಟೆ.

ಮೊದಲು ಆ ಲೈಬ್ರರಿಯನ್ನು ಪಕ್ಕಕ್ಕಿಡಿ. ಬಿಬಿ84ರಲ್ಲಿ ಪ್ರತಿ ಪಲ್ಸ್ (ಬೆಳಕಿನ ಒಂದು ಮಿಡಿತ) ಸ್ವತಂತ್ರ. ನಾಲ್ಕು ಸ್ಥಿತಿಗಳು, ಎರಡು ಆಧಾರಗಳು. ಸಂಭವನೀಯತೆಯ ಒಂದು ಸಣ್ಣ ಕೋಷ್ಟಕ ಮತ್ತು ಯಾದೃಚ್ಛಿಕ ಸಂಖ್ಯೆಗಳಷ್ಟೇ ಸಾಕು. ನಿಮ್ಮ ಶ್ರಮವೆಲ್ಲ ಹೋಗಬೇಕಾದದ್ದು ಲೇಸರ್, ಫೈಬರ್, ಡಿಟೆಕ್ಟರ್ ಈ ಮೂರರ ಮೇಲೆ. ನೈಜ ವ್ಯವಸ್ಥೆಯ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ.

ಲೇಸರ್ ಒಂದೊಂದೇ ಫೋಟಾನ್ ಎಣಿಸಿ ಕೊಡುವುದಿಲ್ಲ. ಪಲ್ಸ್‌ಗೆ ಸರಾಸರಿ 0.5 ಫೋಟಾನ್ ಇರುವಂತೆ ಬೆಳಕನ್ನು ತಗ್ಗಿಸಿದರೆ, ಪಾಯ್ಸಾನ್ ವಿತರಣೆಯ ಪ್ರಕಾರ ಸುಮಾರು 61% ಪಲ್ಸ್‌ಗಳು ಖಾಲಿ, 30% ಒಂಟಿ ಫೋಟಾನಿನವು, ಉಳಿದ 9% ಎರಡೋ ಹೆಚ್ಚೋ ಇರುವವು. ಆ 9% ಈವ್‌ಗೆ ಹಬ್ಬ: ಒಂದು ಫೋಟಾನನ್ನು ತಾನಿಟ್ಟುಕೊಂಡು ಇನ್ನೊಂದನ್ನು ಮುಂದೆ ಬಿಟ್ಟರೆ ದೋಷವೇ ಕಾಣಿಸುವುದಿಲ್ಲ. ನಿಮ್ಮ 25%ರ ಪರೀಕ್ಷೆ ಇಲ್ಲಿ ಕುರುಡು. ಇದಕ್ಕೆ ಉತ್ತರವಾಗಿ ಬಂದದ್ದು ಡಿಕಾಯ್ ಸ್ಥಿತಿಗಳ ಉಪಾಯ. 2003ರಲ್ಲಿ ಹ್ವಾಂಗ್ ಸೂಚಿಸಿದ್ದನ್ನು 2005ರಲ್ಲಿ ಲೋ, ಮಾ, ಚೆನ್ ಮತ್ತು ಪ್ರತ್ಯೇಕವಾಗಿ ವಾಂಗ್ ಬಳಕೆಗೆ ಬರುವಂತೆ ಮಾಡಿದರು. ಪಲ್ಸ್‌ಗಳ ತೀವ್ರತೆಯನ್ನು ನಡುನಡುವೆ ಬದಲಿಸಿ, ಒಂಟಿ ಫೋಟಾನ್‌ಗಳಿಂದ ಬಂದ ಕ್ಲಿಕ್‌ಗಳು ಎಷ್ಟಿರಬೇಕೆಂದು ಲೆಕ್ಕ ಹಾಕುವ ವಿಧಾನ ಅದು.

ಈಗ ಅಂಕಿ ಹಾಕೋಣ. 1550 ನ್ಯಾನೊಮೀಟರ್ ಬೆಳಕಿಗೆ ಫೈಬರ್‌ನ ನಷ್ಟ ಕಿ.ಮೀ.ಗೆ 0.2 ಡೆಸಿಬಲ್. ಡಿಟೆಕ್ಟರಿನ ದಕ್ಷತೆ 20% ಇರಲಿ. ಬೆಳಕೇ ಬೀಳದಿದ್ದರೂ ಪ್ರತಿ ಡಿಟೆಕ್ಟರ್ 10 ಲಕ್ಷ ಪಲ್ಸ್‌ಗೆ ಒಮ್ಮೆ ಸುಮ್ಮನೆ ಕ್ಲಿಕ್ ಎನ್ನಲಿ (ಇದೇ ಡಾರ್ಕ್ ಕೌಂಟ್). ಉಪಕರಣಗಳು ಪೂರ್ತಿ ಹೊಂದಿಕೊಳ್ಳದೆ ಬರುವ ದೋಷ 1% ಇರಲಿ. ಬಾಬ್ ಬಳಿ ಎರಡು ಡಿಟೆಕ್ಟರ್‌ಗಳು. ಸರಾಸರಿ 0.5 ಫೋಟಾನಿನ 10 ಲಕ್ಷ ಪಲ್ಸ್ ಕಳಿಸಿದರೆ 100 ಕಿ.ಮೀ. ದೂರದಲ್ಲಿ 1,000 ನಿಜವಾದ ಕ್ಲಿಕ್, 2 ಸುಳ್ಳು. 150 ಕಿ.ಮೀ.ಗೆ 100 ನಿಜ, ಅದೇ 2 ಸುಳ್ಳು. 200 ಕಿ.ಮೀ.ಗೆ 10 ನಿಜ, ಸುಳ್ಳು ಮಾತ್ರ ಆಗಲೂ 2.

ಸುಳ್ಳು ಕ್ಲಿಕ್‌ಗಳಲ್ಲಿ ಅರ್ಧ ತಪ್ಪು ಬಿಟ್ ಕೊಡುವುದರಿಂದ 200 ಕಿ.ಮೀ.ಯಲ್ಲಿ ದೋಷ ಸುಮಾರು 9.2%. ಪಠ್ಯಗಳಲ್ಲಿ ಕಾಣುವ ಮಿತಿ 11%, ಹಾಗಾಗಿ ಕೀಲಿ ಸಿಗಬಹುದೆಂದು ಅನ್ನಿಸುತ್ತದೆ. ಆದರೆ ಆ ಮಿತಿ ಒಂಟಿ ಫೋಟಾನ್ ಮೂಲಕ್ಕೆ ಹೇಳಿದ್ದು. ಇಲ್ಲಿಯ 12 ಕ್ಲಿಕ್‌ಗಳಲ್ಲಿ ಒಂಟಿ ಫೋಟಾನ್ ಪಲ್ಸ್‌ಗಳ ಪಾಲು ಸುಮಾರು 6.7. ಆ ಪಾಲಿನ ದೋಷಕ್ಕೆ ತಕ್ಕಂತೆ ಈವ್‌ಗೆ ಸೋರಿರಬಹುದಾದದ್ದನ್ನು ಕಳೆದರೆ 4.6 ಬಿಟ್ ಉಳಿಯುತ್ತದೆ. ದೋಷ ತಿದ್ದಲು ಬಹಿರಂಗಪಡಿಸಬೇಕಾದ ಮಾಹಿತಿ, 1.16ರ ದಕ್ಷತಾಂಕದಲ್ಲಿ (ಸಿದ್ಧಾಂತದ ಕನಿಷ್ಠದ 1.16 ಪಟ್ಟು), 6.2 ಬಿಟ್. ಆದಾಯಕ್ಕಿಂತ ಖರ್ಚು ಹೆಚ್ಚು, ಕೀಲಿ ಸೊನ್ನೆ. ಇದೇ ಲೆಕ್ಕ ಮಾಡಿ, ಆಲಿಸ್ ಮತ್ತು ಬಾಬ್ ಆರಿಸಿದ ಆಧಾರ ಹೊಂದದ ಅರ್ಧವನ್ನೂ ಬಿಟ್ಟರೆ 150 ಕಿ.ಮೀ.ಗೆ ಸುಮಾರು 19 ಬಿಟ್, 100 ಕಿ.ಮೀ.ಗೆ ಸುಮಾರು 227 ಬಿಟ್ ದಕ್ಕುತ್ತದೆ. ದೂರಕ್ಕೆದುರಾಗಿ ಕೀಲಿದರವನ್ನು ಲಾಗ್ ಅಳತೆಯಲ್ಲಿ ಬಿಡಿಸಿ: ಬಹುದೂರ ನೇರವಾಗಿ ಇಳಿದ ಗೆರೆ ಇದ್ದಕ್ಕಿದ್ದಂತೆ ಪ್ರಪಾತಕ್ಕೆ ಬೀಳುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಮುಖ್ಯ ಗ್ರಾಫ್ ಇದೇ ಆಗಬೇಕು.

ಹತ್ತಿರದ ದೂರಗಳಲ್ಲಿ ಇನ್ನೊಂದು ಮೋಸವಿದೆ. ಲೇಸರ್ ಸೆಕೆಂಡಿಗೆ 100 ಕೋಟಿ ಪಲ್ಸ್ ಬಿಟ್ಟರೆ, ಮೇಲಿನ ಸೂತ್ರ 10 ಕಿ.ಮೀ.ಗೆ ಸೆಕೆಂಡಿಗೆ 6 ಕೋಟಿಗೂ ಹೆಚ್ಚು ಕ್ಲಿಕ್ ತೋರಿಸುತ್ತದೆ. ಆದರೆ ಒಮ್ಮೆ ಕ್ಲಿಕ್ ಆದ ಮೇಲೆ 10 ಮೈಕ್ರೊಸೆಕೆಂಡ್ ಸುಧಾರಿಸಿಕೊಳ್ಳಬೇಕಾದ ಡಿಟೆಕ್ಟರ್ ಸೆಕೆಂಡಿಗೆ 1 ಲಕ್ಷಕ್ಕಿಂತ ಹೆಚ್ಚು ಎಣಿಸಲಾರದು. ಈ ನಿಷ್ಕ್ರಿಯ ಅವಧಿಯನ್ನು ಬಿಟ್ಟ ಸಿಮ್ಯುಲೇಷನ್‌ನ ಎಡತುದಿಯನ್ನು ನಾನಂತೂ ನಂಬುವುದಿಲ್ಲ.

ಇನ್ನು ಮಾದರಿಯ ಗಾತ್ರ. 150 ಕಿ.ಮೀ.ಗೆ 10 ಲಕ್ಷ ಪಲ್ಸ್ ಮಾತ್ರ ಓಡಿಸಿದರೆ ಆಧಾರ ಹೊಂದಿದ ಬಿಟ್‌ಗಳು 51, ಅವುಗಳಲ್ಲಿ ನಿರೀಕ್ಷಿತ ದೋಷ ಒಂದೇ ಒಂದು. ಅದು ಒಂದು ಓಟದಲ್ಲಿ 0, ಮತ್ತೊಂದರಲ್ಲಿ 3 ಆಗಬಹುದು. ಅದರ ಮೇಲೆ ಯಾವ ಭರವಸೆಯನ್ನೂ ಕಟ್ಟಲಾಗದು. 10 ಲಕ್ಷ ಬಿಟ್ ಬೇಕೆಂದರೆ ಸುಮಾರು 2,000 ಕೋಟಿ ಪಲ್ಸ್ ಬೇಕು. ಲೇಸರ್‌ಗೆ ಅದು 20 ಸೆಕೆಂಡಿನ ಕೆಲಸ, ಪೈಥಾನ್ ಲೂಪ್‌ಗೆ ಗಂಟೆಗಟ್ಟಲೆ. ಆದ್ದರಿಂದ ಪಲ್ಸ್‌ಗಳನ್ನು ಒಂದೊಂದಾಗಿ ಓಡಿಸದೆ, ಕ್ಲಿಕ್‌ಗಳ ಮತ್ತು ದೋಷಗಳ ಸಂಖ್ಯೆಯನ್ನು ನೇರವಾಗಿ ದ್ವಿಪದ ವಿತರಣೆಯಿಂದ ತೆಗೆಯಿರಿ. ನಂತರ ಆ ಸಂಖ್ಯೆಗಳಿಗೆ ಸಾಂಖ್ಯಿಕ ಅಂಚನ್ನು ಸೇರಿಸಿ, ಕೆಟ್ಟ ಪಕ್ಷದ ದೋಷವನ್ನೇ ಕೀಲಿಯ ಸೂತ್ರಕ್ಕೆ ಹಾಕಿ.

"ಸುರಕ್ಷತೆಯನ್ನು ತೋರಿಸಿದೆ" ಎಂದು ಮಾತ್ರ ವರದಿಯಲ್ಲಿ ಬರೆಯಬೇಡಿ. ನಿಮ್ಮ ಪ್ರೋಗ್ರಾಂನಲ್ಲಿರುವ ಈವ್‌ಗೆ ನೀವು ಕಲಿಸಿದ್ದಷ್ಟೇ ಗೊತ್ತು. ಸುರಕ್ಷತೆ ಗಣಿತದ ರುಜುವಾತಿನಿಂದ ಬರುತ್ತದೆ, ಅದೂ ಉಪಕರಣ ಊಹೆಯಂತೆ ವರ್ತಿಸಿದರೆ ಮಾತ್ರ. 2010ರಲ್ಲಿ ಲೂದರ್ಸನ್, ಮಕಾರೊವ್ ಮತ್ತು ಸಂಗಡಿಗರು ಪ್ರಖರ ಬೆಳಕು ಹಾಯಿಸಿ ಮಾರುಕಟ್ಟೆಯಲ್ಲಿದ್ದ ವ್ಯವಸ್ಥೆಗಳ ಡಿಟೆಕ್ಟರ್‌ಗಳನ್ನೇ ತಮ್ಮ ಹಿಡಿತಕ್ಕೆ ತಂದರು. ಅಂಥದ್ದು ಯಾವ ಪಾಯ್ಸಾನ್ ಮಾದರಿಯಲ್ಲೂ ಕಾಣಿಸದು. ಜೊತೆಗೆ, ಬಹಿರಂಗ ಸಂದೇಶಗಳ ದೃಢೀಕರಣಕ್ಕೆ ಆಲಿಸ್ ಮತ್ತು ಬಾಬ್ ಬಳಿ ಮೊದಲೇ ಒಂದು ಚಿಕ್ಕ ಗುಪ್ತ ಕೀಲಿ ಇರಬೇಕೆಂಬುದನ್ನೂ ಹೇಳಿಬಿಡಿ.

ಫಲಿತಾಂಶ ಸರಿಯಿದೆಯೇ ಎಂದು ನೋಡಲು ಒಂದು ಮೇಲ್ಮಿತಿ ಇದೆ: ರಿಪೀಟರ್ (ನಡುದಾರಿಯ ಮರುಪ್ರಸಾರ ಸಾಧನ) ಇಲ್ಲದ ಫೈಬರ್‌ನಲ್ಲಿ ಪಲ್ಸ್‌ಗೆ ಸಿಗಬಹುದಾದ ಗರಿಷ್ಠ ಕೀಲಿ, ನಷ್ಟ ಹೆಚ್ಚಿದ್ದಾಗ, ಫೈಬರ್ ದಾಟುವ ಬೆಳಕಿನ ಪಾಲಿನ ಸುಮಾರು 1.44 ಪಟ್ಟು. ಪಿರಾಂಡೋಲಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶವಿದು. 150 ಕಿ.ಮೀ.ಯ ನಮ್ಮ 19 ಬಿಟ್ ಎದುರು ಅದು 1,440 ಬಿಟ್. ನಿಮ್ಮ ಗೆರೆ ಎಲ್ಲಿಯಾದರೂ ಇದನ್ನು ದಾಟಿದರೆ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿ. ನೆಟ್‌ಸ್ಕ್ವಿಡ್, ಸೀಕ್ವೆನ್ಸ್‌ನಂಥ ಸಿಮ್ಯುಲೇಟರ್‌ಗಳು ಅನೇಕ ನೋಡ್‌ಗಳ ಜಾಲಕ್ಕೆ, ಕ್ವಾಂಟಮ್ ಮೆಮೊರಿಗೆ ಬೇಕಾಗುತ್ತವೆ. ಒಂದೇ ಫೈಬರ್‌ನ ಈ ಲೆಕ್ಕಕ್ಕೆ ಪೈಥಾನ್‌ನ ಗಣಿತದ ಲೈಬ್ರರಿ ನಂಪೈ ಸಾಕು.